ಬಿಡದೆ ಹಿಡಿದ ರೋಗಾಣು

ನಿಪ್ಪಾಣಿಯ ಸಣ್ಣದೊಂದು ಪ್ರಯೋಗಾಲಯದಲ್ಲಿ ಫರಹೀನ ಹನ್ನೊಂದು ವರ್ಷಗಳಿಂದ ರಕ್ತ, ಮೂತ್ರ ಪರೀಕ್ಷಿಸುತ್ತಿದ್ದಾಳೆ. ಮಾತು ಕಡಿಮೆ, ಕೈ ಚುರುಕು. ಆ ಸೋಮವಾರ ಮಾತ್ರ ಅವಳಿಗೆ ಸುಮ್ಮನಿರಲಾಗಲಿಲ್ಲ.

ತಂಬಾಕಿನ ಗೋದಾಮಿನಲ್ಲಿ ದುಡಿಯುವ ನೀಲಮ ಏಳು ತಿಂಗಳ ಬಸುರಿ. ಉರಿಮೂತ್ರವೆಂದು ಎರಡು ತಿಂಗಳಲ್ಲಿ ಮೂರನೆಯ ಸಲ ಬಂದಿದ್ದಳು.

"ಡಾಕ್ಟರ ಕೊಟ್ಟ ಗುಳಿಗಿ ಪೂರಾ ತಗೊಂಡಿದ್ದೇನು?" ಫರಹೀನ ಕೇಳಿದಳು.

"ಎರಡ ದಿನಕ್ಕ ಉರಿ ನಿಂತಿತ್ರಿ, ಬಿಟ್ಟೆ."

"ನೀರರೆ ಕುಡೀತಿಯೇನು?"

"ಕುಡದ್ರ ಹೋಗೂದೆಲ್ಲಿ ಅಕ್ಕಾ? ಅಲ್ಲಿ ಹೆಣ್ಮಕ್ಕಳಿಗೆ ಸಂಡಾಸ ಇಲ್ಲ. ಮುಂಜಾನಿಂದ ಸಂಜೀತನಕ ತಡಕೊಂಡಿರ್ತೀವಿ."

ರೋಗಾಣು ಬೆಳೆಯುತ್ತದೆಯೇ ಎಂದು ನೀಲಮಳ ಮೂತ್ರ ಸವರಿಟ್ಟಿದ್ದ ಕಲ್ಚರ್ ತಟ್ಟೆಯನ್ನು ಬುಧವಾರ ಬೆಳಿಗ್ಗೆ ಫರಹೀನ ಬೆಳಕಿಗೆ ಹಿಡಿದಳು. ರೋಗಾಣು ದಟ್ಟವಾಗಿ ಬೆಳೆದಿತ್ತು. ನೀಲಮ ಅರ್ಧಕ್ಕೇ ಬಿಟ್ಟ ಗುಳಿಗೆಗೆ ಅದು ಈಗ ಜಗ್ಗುತ್ತಿರಲಿಲ್ಲ; ನಾಟುತ್ತಿದ್ದದ್ದು ಎರಡೇ ಬಗೆಯ ಇಂಜೆಕ್ಷನ್ನು. ಈ ರೋಗಾಣುವಿನ ಮೈಮೇಲೆ, ಅವಳ ಸೂಕ್ಷ್ಮದರ್ಶಕಕ್ಕೂ ಕಾಣದ ಸಪೂರ ಎಳೆಗಳಿರುತ್ತವೆ. ಅವುಗಳ ತುದಿ ಮೂತ್ರಕೋಶದ ಗೋಡೆಯನ್ನು ಕಚ್ಚಿ ಹಿಡಿಯುತ್ತದೆ. ಮೂತ್ರ ಹರಿದರೂ ಅದು ಕೊಚ್ಚಿಹೋಗದು. ತಡೆಹಿಡಿದರಂತೂ ಅಲ್ಲೇ ಬೆಳೆದು, ಹಿಡಿಯುತ್ತ ಹಿಡಿಯುತ್ತ ಮೂತ್ರಪಿಂಡಕ್ಕೆ ಏರುತ್ತದೆ. ಬಸುರಿಯರಲ್ಲಿ ಆ ದಾರಿ ಇನ್ನೂ ಸಲೀಸು.

ನೀಲಮಳಿಗೆ ಫೋನ್ ಮಾಡಿದಳು. ಸ್ವಿಚ್ ಆಫ್. ವರದಿ ಕೈಯಲ್ಲಿ ಹಿಡಿದು ಸ್ಕೂಟಿ ಹತ್ತಿದಳು.

ಗೋದಾಮಿನ ಘಾಟಿನಲ್ಲಿ, ಉರಿಬಿಸಿಲ ಹೊತ್ತಿನಲ್ಲೂ ಚಾದರ ಹೊದ್ದು ನೀಲಮ ಗಡಗಡ ನಡುಗುತ್ತಿದ್ದಳು.

"ಥಂಡಿಜ್ವರ ಐತ್ರಿ ಅಕ್ಕಾರ, ಸಂಜೀಕ ಆರಾಮ ಆಕ್ಕಾಳ," ಎಂದ ಆಳುಗಳ ಉಸ್ತುವಾರಿ ನೋಡುವ ಮುಕಾದಮ ಸಂಭಾಜಿ.

ಫರಹೀನ ಅವಳ ಬೆನ್ನ ಪಕ್ಕೆ ಮುಟ್ಟಿದಳಷ್ಟೇ, ನೀಲಮ ಚೀರಿದಳು. "ಅಕ್ಕಾ, ಹೊಟ್ಟಿ ಕಲ್ಲಾಗಿ ಕಲ್ಲಾಗಿ ಬಿಡಾಕತ್ತೈತಿ..."

"ರಿಕ್ಷಾ ತರಸ್ರಿ! ಇದು ಥಂಡಿಜ್ವರ ಅಲ್ಲ, ನಂಜು ಕಿಡ್ನಿಗೆ ಏರೈತಿ. ಎರಡ ಜೀವ ಹೋಗ್ತಾವ!"

ಆ ದನಿಗೆ ಸಂಭಾಜಿ ತಾನೇ ರಸ್ತೆಗೆ ಓಡಿದ.

ವರದಿ ಕೈಯಲ್ಲೇ ಇದ್ದುದರಿಂದ ಆಸ್ಪತ್ರೆಯ ಡಾಕ್ಟರು ಯಾವ ಔಷಧಿಯೆಂದು ತಡಕಾಡಬೇಕಾಗಲಿಲ್ಲ. ಕೂಡಲೇ ಸಲೈನು, ಇಂಜೆಕ್ಷನ್ನು ಶುರುವಾಯಿತು. ಆದರೂ ಜ್ವರ ಆ ದಿನ ಇಳಿಯಲಿಲ್ಲ, ಮರುದಿನವೂ ಇಳಿಯಲಿಲ್ಲ. ದಿನ ತುಂಬುವ ಮೊದಲೇ ಹೆರಿಗೆಯಾದೀತೆಂದು ಹೆದರಿಸುವ ಹೊಟ್ಟೆಬಿಗಿತ ಬರುತ್ತಿತ್ತು, ಹೋಗುತ್ತಿತ್ತು. ಕೆಲಸಕ್ಕೆ ಹೋಗುವಾಗೊಮ್ಮೆ, ಬರುವಾಗೊಮ್ಮೆ ಫರಹೀನ ವಾರ್ಡಿನ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಒಳಗೆ ಹೋಗಲು ಧೈರ್ಯ ಸಾಲುತ್ತಿರಲಿಲ್ಲ.

ಶುಕ್ರವಾರ ಸಂಜೆ ನೀಲಮಳೇ ಕರೆದಳು. ಜ್ವರ ಬಿಟ್ಟು ಮುಖದಲ್ಲಿ ಬೆವರೊಡೆದಿತ್ತು.

"ಬರ್ರಿ ಅಕ್ಕಾ. ಕೂಸು ಒದೀಲಿಕತ್ತೈತಿ, ಕೈಯಿಟ್ಟ ನೋಡ್ರಿ."

ಕೈಯಿಟ್ಟಾಗಲೇ ಫರಹೀನಳಿಗೆ ಅಳು ಬಂದದ್ದು.

ಏಳು ವಾರಗಳ ಬಳಿಕ ನೀಲಮ ಹೆಣ್ಣು ಹೆತ್ತಳು. ಕೂಸು ತುಸು ಸಣ್ಣದು, ಆದರೆ ಅತ್ತರೆ ಇಡೀ ವಾರ್ಡು ಎದ್ದು ಕೂರಬೇಕು, ಅಂಥ ಗಂಟಲು.