ಪುಟ್ಟತಾಯಮ್ಮನನ್ನು ಕೇಳದ ಪ್ರಬಂಧಗಳು

ತೊಂಬತ್ತರ ದಶಕದ ಕೊನೆಯಲ್ಲಿ, ಪಿಎಚ್‌ಡಿಗಾಗಿ, ಹೊಗೆಸೊಪ್ಪಿನ ಕೂಲಿ ಹೆಂಗಸರ ಆರೋಗ್ಯದ ಬಗ್ಗೆ ಹಿಂದಿನವರು ಬರೆದದ್ದನ್ನೆಲ್ಲ ಓದಿದೆ. ‘ಈ ಕೆಲಸದಿಂದ ತೊಂದರೆಯಿಲ್ಲ’ ಎಂದು ಎಲ್ಲರದೂ ಒಂದೇ ರಾಗ. ಕೆದಕಿದರೆ, ಎಲ್ಲರೂ ನಕಲು ಮಾಡಿದ್ದು ಪಿರಿಯಾಪಟ್ಟಣದ ಹತ್ತಿರದ ಒಂದು ಹಳ್ಳಿಯ ಹಳೇ ವರದಿಯನ್ನು. ಆ ಹಳ್ಳಿಗೇ ಹೋದೆ.

ಸೊಪ್ಪನ್ನು ಬಿಸಿಗೆ ಒಣಗಿಸಿ ಬೇಯಿಸುವ ಬ್ಯಾರನ್ ಮನೆಯ ಮುಂದೆ ಕೂಲಿ ಹೆಂಗಸು ಪುಟ್ಟತಾಯಮ್ಮ ಹಸಿ ಎಲೆಗಳನ್ನು ಕಡ್ಡಿಗೆ ಕಟ್ಟುತ್ತಿದ್ದರು. ವರದಿಯವರ ವಿಷಯ ಕೇಳಿದ್ದೇ ತಡ, ರೇಗಿಬಿಟ್ಟರು.

“ಬಂದಿದ್ರು ಕಣವ್ವ. ಸಾವ್ಕಾರ್ರ ಜಗ್ಲೀಲಿ ಕಾಫಿ ಕುಡುದ್ರು, ಬರ್ಕೊಂಡ್ರು, ಎದ್ದೋದ್ರು. ನಮ್ಮನ್ನ ಯಾರ್ ಕೇಳುದ್ರು? ಹಸಿ ಸೊಪ್ಪು ಮುಟ್ಟಿದ್ ದಿನ ವಾಂತಿ ಆಗ್ದೆ ಇರೋಳು ಒಬ್ಳನ್ನ ತೋರ್ಸು, ನೋಡಾನ!”

ನನ್ನ ಮೈಯೂ ಉರಿಯಿತು. ಅವರು ಹೇಳಿದ್ದನ್ನೆಲ್ಲ ಬರೆದು ಮಾರ್ಗದರ್ಶಕರ ಮುಂದಿಟ್ಟೆ.

“ಸಮೀಕ್ಷೆ ಬೇರೆ, ವಿಮರ್ಶೆ ಬೇರೆ ಕಣಮ್ಮ,” ಎಂದರು ಅವರು. “ಹಿಂದಿನ ಪ್ರಬಂಧಗಳಲ್ಲಿ ಯಾರು ಏನು ಹೇಳಿದ್ರು ಅನ್ನೋ ಪಟ್ಟಿ ಸಮೀಕ್ಷೆ. ಅದು ನಿಜವೋ ಸುಳ್ಳೋ ಅಂತ ನೋಡೋದು ವಿಮರ್ಶೆ. ನಿಂಗ್ಯಾಕೆ ಅದು?”

“ಸುಳ್ಳಿನ ಪಟ್ಟಿ ನನ್ನ ಕೈಲಿ ಮಾಡೋಕಾಗಲ್ಲ ಸರ್,” ಎಂದು ಎದ್ದು ಬಂದೆ.

ಪದವಿ ಎರಡು ವರ್ಷ ತಡವಾಯಿತು. ‘ತೊಂದರೆಯಿದೆ’ ಎಂದು ಬರೆದದ್ದರಲ್ಲಿ ಒಂದಕ್ಷರವನ್ನೂ ನಾನು ಬದಲಿಸಲಿಲ್ಲ. ಮೊನ್ನೆ ಯಾರದೋ ಹೊಸ ಪ್ರಬಂಧದಲ್ಲಿ ನನ್ನ ಹೆಸರೂ ಕಂಡಿತು: ಹೊಗೆಸೊಪ್ಪಿನ ಕೆಲಸದಿಂದ ತೊಂದರೆಯಿಲ್ಲ ಎಂದವರ ಸಾಲಿನಲ್ಲಿ.