ಮೆಹಂದಿಯಲ್ಲಿ ನಳಿನಾಕ್ಷಿ ಹಾಡುತ್ತಿದ್ದ ಹಾಡು

ಮುಂಬಯಿಯಲ್ಲಿ ಡೊಂಬಿವಲಿಯಿಂದ ಸಾನಪಾಡಾದವರೆಗೆ ನಮ್ಮ ಊರವರ ಮದುವೆಯ ಮುನ್ನಾದಿನದ ಮೆಹಂದಿ ಎಂದರೆ ಆರ್ಕೆಸ್ಟ್ರಾ, ಆರ್ಕೆಸ್ಟ್ರಾ ಎಂದರೆ ನಳಿನಾಕ್ಷಿ. ಉಡುಪಿ ಕಡೆಯಿಂದ ಮದುವೆಯಾಗಿ ಬಂದವಳು. ಹಗಲಿಡೀ ಮನೆಗೆಲಸ, ಸಂಜೆಯಾದರೆ ಮೈಕ್. ಒಂದು ಹಾಡನ್ನು ಹಾಡಿಸದೆ ಜನ ಅವಳನ್ನು ಬಿಡುತ್ತಿರಲಿಲ್ಲ. ಹುಡುಗಿ ಬೇಡ ಬೇಡ ಎನ್ನುತ್ತಾಳೆ, ಹುಡುಗ ಬಿಡದೆ ಹಿಂದೆ ಬೀಳುತ್ತಾನೆ, ಕೊನೆಗೆ ಅವಳು ನಾಚುತ್ತಾಳೆ, ಅಷ್ಟೇ ಆ ಹಾಡು. ಶುರುವಿಗೆ ವಾದ್ಯ ನಿಲ್ಲಿಸಿ, ಅಳುಮೋರೆ ಮಾಡಿ, "ಬೇಡ ಅಂದೆನಲ್ಲ" ಎಂದು ಬರೀ ಮಾತಿನಲ್ಲಿ ಹೇಳುವುದು ಅವಳದೇ ಶೈಲಿ. ಅಷ್ಟಕ್ಕೇ ಸಿಳ್ಳೆ ಬೀಳುತ್ತಿತ್ತು, ಕೀಬೋರ್ಡಿನವನು ತಾಳ ಎತ್ತುತ್ತಿದ್ದ.

೨೦೧೧ರಲ್ಲಿ ಮಗಳು ಪ್ರಣೀತಾ ಕಲ್ಯಾಣದ ಕಾಲೇಜಿಗೆ ಸೇರಿದಳು. ಮಯೂರ್ ಎಂಬವನು ಸ್ಟೇಷನ್ನಿನಿಂದ ಬೈಕಿನಲ್ಲಿ ಅವಳ ಬೆನ್ನು ಹತ್ತಿದ. ಅವನ ಮೊಬೈಲಿನಲ್ಲಿ ಅದೇ ಹಾಡು, ಯಾವುದೋ ಮೆಹಂದಿಯಲ್ಲಿ ರೆಕಾರ್ಡ್ ಮಾಡಿಕೊಂಡದ್ದು.

"ಮಮ್ಮಿ, ಮೈನೆ ಉಸ್ಕೋ ನಾ ಬೋಲಾ, ಬೇಡ ಅಂದೆ. ಅವ ನಗ್ತಾನೆ, ನಿನ್ನ ಹಾಡು ಹಾಕ್ತಾನೆ," ಎಂದು ಮಗಳು ಅತ್ತಳು.

ಮಯೂರ್ ಬೇರೆ ಯಾರೂ ಅಲ್ಲ, ನಳಿನಾಕ್ಷಿಯ ಗಂಡ ಕ್ಯಾಶಿಯರ್ ಆಗಿದ್ದ ಹೋಟೆಲಿನ ಧಣಿ ಸರ್ವೋತ್ತಮರ ಮಗ. ಬಡವನ ಕೋಪ ದವಡೆಗೆ ಮೂಲ ಎಂದು ಗೊತ್ತಿದ್ದೂ ಅವಳು ಅವರ ಮನೆಯ ಮೆಟ್ಟಿಲು ಹತ್ತಿದಳು.

ಸರ್ವೋತ್ತಮರು ಚಹಾ ತರಿಸಿ ನಕ್ಕರು. "ಎಂತ ನಳಿನಕ್ಕ, ಹುಡುಗಿಯರು ಮೊದಲು ಬೇಡ ಅನ್ನುವುದು ಉಂಟಲ್ಲ. ನೀವೇ ಅಲ್ವಾ ಅಷ್ಟು ಚಂದ ಹಾಡುದು? ಹುಡುಗನಿಗೆ ಮನಸ್ಸುಂಟು. ನಾವೇ ಕೇಳಿಕೊಂಡು ಬರುವವರಿದ್ದೆವು."

ಅವರು ಹೆಣ್ಣು ಕೇಳಿಕೊಂಡು ಬಂದೂ ಬಂದರು. ನಳಿನಾಕ್ಷಿಯ ಗಂಡ ಕೈಮುಗಿದು ಒಪ್ಪಿಕೊಂಡ. ಕೆಲಸವೂ ಧಣಿಯದು, ಇರುವ ಖೋಲಿಯೂ ಧಣಿಯದು. ಪ್ರಣೀತಾ ಊಟ ಬಿಟ್ಟಳು, ಕಾಲುಹಿಡಿದು ಬೇಡಿದಳು. ನೆಂಟರೆಲ್ಲ "ನಾಚಿಕೆ, ಆಮೇಲೆ ಸರಿಯಾಗ್ತದೆ" ಎಂದರು. ಅಂಥವರಿಗೆ ಹೇಳುವುದೂ ಒಂದೇ, ಕೋಣನ ಮುಂದೆ ಕಿನ್ನರಿ ಬಾರಿಸುವುದೂ ಒಂದೇ.

ಮೆಹಂದಿಯ ಸಂಜೆ ಪ್ರಣೀತಾ ಎರಡೂ ಕೈ ಚಾಚಿ ಕುಳಿತಿದ್ದಳು. ಮೆಹಂದಿ ಇನ್ನೂ ಒದ್ದೆ, ಕಣ್ಣೊರೆಸಿಕೊಳ್ಳಲೂ ಆಗುತ್ತಿರಲಿಲ್ಲ. "ಅಮ್ಮನ ಹಾಡು ಆಗಲೇಬೇಕು" ಎಂದು ಜನ ನಳಿನಾಕ್ಷಿಯನ್ನು ವೇದಿಕೆಗೆ ಎಳೆದುತಂದರು. ಮೈಕ್ ಕೈಗೆ ಬಂತು. ನಾಳೆಗೆ ಎಲ್ಲ ಮುಗಿಯುತ್ತದೆ. ಇಷ್ಟು ಜನರೆದುರು ಹೇಳಿದರೆ ಒಬ್ಬರಾದರೂ ಎದ್ದು ನಿಂತಾರು ಎಂದುಕೊಂಡಳು.

"ನನ್ನ ಮಗಳು ಬೇಡ ಅಂದಿದ್ದಾಳೆ," ಎಂದಳು. ದನಿ ಒಡೆಯಿತು. "ಅವಳಿಗೆ ನಿಜವಾಗಿ ಬೇಡ."

ಸಭೆ ಚಪ್ಪಾಳೆ ತಟ್ಟಿತು. ಮಯೂರ್ ಎದ್ದು ನಿಂತು ಸಿಳ್ಳೆ ಹಾಕಿದ. ಕೀಬೋರ್ಡಿನವನು ಅಭ್ಯಾಸದಂತೆ ತಾಳ ಎತ್ತಿದ.