ಅರವತ್ತೊಂದು ಟ್ಯಾಬುಗಳ ಒಡತಿ

ಬೆಳಿಗ್ಗೆ ಅಂಗಡಿ ತೆರೆದು, ಕಂಪ್ಯೂಟರ್ ಹಾಕಿ, ಬ್ರೌಸರಿನಲ್ಲಿ ತೆರೆದಿಟ್ಟ ಟ್ಯಾಬುಗಳನ್ನೆಲ್ಲ ಒಂದೊಂದಾಗಿ ನೋಡಿ ಕೈಮುಗಿಯದೆ ನಾನು ಕುರ್ಚಿಯಲ್ಲಿ ಕೂತವಳಲ್ಲ. ಆನ್‌ಲೈನ್ ಅರ್ಜಿ ತುಂಬಿಕೊಡುವುದು ನನ್ನ ಕಸುಬು. ಯಾರೂ ಕಲಿಸಿದ್ದಲ್ಲ, ಗುಂಡಿ ಒತ್ತಿ ಒತ್ತಿ ಬಂದದ್ದು. ಜಂಬವೂ ಜೊತೆಗೇ ಬಂತು. ಅರ್ಜಿಗೆ ಉತ್ತರ ಬರುವವರೆಗೆ ಆ ಟ್ಯಾಬ್ ಮುಚ್ಚುತ್ತಿರಲಿಲ್ಲ. ಮುಚ್ಚಿದರೆ ಅರ್ಜಿ ಹಾಕಿದವರ ಕೈಬಿಟ್ಟಂತೆ ಎಂದು ನಂಬಿದ್ದೆ.

ಆ ದಿನ ಹೊಲಿಗೆಯವಳ ಮಗಳ ನರ್ಸಿಂಗ್ ಸೀಟಿನ ಅರ್ಜಿ. ಸಂಜೆ ಐದಕ್ಕೆ ಗಡುವು. ನಾಲ್ಕೂವರೆಗೆ ಎಲ್ಲ ತುಂಬಿ ಫೋಟೊ ಹಾಕಿದ್ದೇ ತಡ, ಪರದೆ ಕಲ್ಲಾಯಿತು.

"ಅಕ್ಕಾ, ಹೋಯ್ತಾ?" ಹೊಲಿಗೆಯವಳು ಅಳತೆ ಟೇಪನ್ನು ಬೆರಳಿಗೆ ಸುತ್ತುತ್ತ ಕೇಳಿದಳು.

"ನೆಟ್ ಸ್ಲೋ ಇದೆ," ಎಂದೆ. ತಿಳಿಯದ್ದನ್ನೆಲ್ಲ ನಾನು ನೆಟ್ಟಿನ ತಲೆಗೇ ಕಟ್ಟುವುದು.

ಎದುರಿನ ಕಂಪ್ಯೂಟರ್ ರಿಪೇರಿ ಅಂಗಡಿಯಿಂದ ನಾದಿನಿಯನ್ನು ಕೂಗಿದೆ. ಬಂದವಳು ಹಣೆ ಚಚ್ಚಿಕೊಂಡಳು.

"ಅತ್ತಿಗೆ, ಅರವತ್ತೊಂದು ಟ್ಯಾಬು! ಒಂದು ಕುಸಿದ್ರೆ ಪಕ್ಕದ್ದು ಬೀಳಬಾರ್ದು ಅಂತ ಬ್ರೌಸರು ಒಂದೊಂದಕ್ಕೂ ಬೇರೆ ಸಂಸಾರ ಹೂಡಿಕೊಡುತ್ತೆ. ಬೇರೆ ಸಂಸಾರ ಅಂದ್ಮೇಲೆ ಬೇರೆ ಒಲೆ, ಬೇರೆ ಪಾತ್ರೆ. ಮೆಮೊರಿ ಎಲ್ಲಿ ಉಳಿಯುತ್ತೆ?"

"ಎಲ್ಲ ಜನರ ಅರ್ಜಿ ಕಣೇ. ದಿನಾ ಅವರಿಗೋಸ್ಕರ ಬೇಡಿಕೊಳ್ತೀನಿ."

"ದೇವರು ನಿಮ್ಮ ಬ್ರೌಸರ್ ನೋಡ್ಕೊಂಡು ಕೂತಿರ್ತಾನಾ? ಕಳಿಸಿದ ಅರ್ಜಿ ಅವರ ಆಫೀಸಲ್ಲಿರುತ್ತೆ, ಇಲ್ಲಲ್ಲ." ಅವಳು ಟ್ಯಾಬುಗಳ ಹೆಸರು ಓದತೊಡಗಿದಳು. "ಮಂಡಿ ನೋವಿಗೆ ವ್ಯಾಯಾಮ. ಇದು ಯಾರ ಅರ್ಜಿ?"

"ನಂದೇ."

"ಮತ್ತೆ ಮಂಡಿ ನೋವು. ಮತ್ತೂ ಮಂಡಿ ನೋವು. ಎಷ್ಟು ಮಂಡಿ ಇದೆ ನಿಮಗೆ?"

ಹೊಲಿಗೆಯವಳು ನಗಲಿಲ್ಲ. ಗೋಡೆ ಗಡಿಯಾರವನ್ನೇ ನೋಡುತ್ತಿದ್ದಳು. ನಾನು ಅರವತ್ತು ಜನರನ್ನು ಕಾಯುವ ಭ್ರಮೆಯಲ್ಲಿ ಎದುರಿಗಿದ್ದ ಒಬ್ಬಳನ್ನು ಮುಳುಗಿಸುತ್ತಿದ್ದೆ.

"ಇವಳದ್ದೊಂದು ಬಿಟ್ಟು ಎಲ್ಲ ಮುಚ್ಚಿಬಿಡು," ಎಂದೆ.

"ನೀವೇ ಮುಚ್ಚಿ. ಆಮೇಲೆ ನನ್ನ ಬೈತೀರಿ."

ಬಾಣದ ಗುರುತು ಆಮೆಯಂತೆ ತೆವಳಿತು. ಒತ್ತಿದೆ. ಟ್ಯಾಬುಗಳು ಹೋದವು, ಪರದೆಗೆ ಜೀವ ಬಂತು. ಅರ್ಜಿ ಕಳಿಸಿದೆ; ಐದಕ್ಕೆ ಆರು ನಿಮಿಷವಿರುವಾಗ ಅದು ತಲುಪಿದ್ದಕ್ಕೆ ರಸೀದಿ ಸಂಖ್ಯೆ ಮೂಡಿತು. ಹೊಲಿಗೆಯವಳು ಅದನ್ನು ಎರಡು ಸಲ ಓದಿಸಿಕೊಂಡು, ಕಣ್ಣೊರೆಸಿಕೊಂಡು ಹೋದಳು.

ನಾದಿನಿ ಮೆತ್ತಗಾದಳು. "ಅತ್ತಿಗೆ, ನನ್ನ ಹತ್ರ ಒಂದು ಮೆಮೊರಿ ಚಿಪ್ ಸುಮ್ನೆ ಬಿದ್ದಿದೆ. ನಾಳೆ ಹಾಕಿಕೊಡ್ಲಾ? ಈಗಿರೋದರ ಎರಡರಷ್ಟಾಗುತ್ತೆ."

"ಬೇಡ ಮಾರಾಯ್ತಿ," ಎಂದೆ. "ಅರವತ್ತೊಂದು ನೂರಿಪ್ಪತ್ತೆರಡಾಗುತ್ತೆ, ಅಷ್ಟೆ."